ತಳದ ಕಹಿ

ಗೆಣಸಿನ ರಸ ಗಾಜಿನ ಟ್ರೇಯಿಂದ ಉಕ್ಕಿ ಓವನ್ನಿನ ತಳಕ್ಕೆ ಬಿದ್ದು ಚುರುಗುಟ್ಟಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಟ್ರೇಗೆ ಅಷ್ಟು ತುಂಬಬಾರದಿತ್ತು. ಬೆಳಗಿನಿಂದ ಹೊಟ್ಟೆಗೆ ನೀರೂ ಇಲ್ಲ, ಏಕಾದಶಿ. ಹೊರಗೆ ಮಲೇಷ್ಯಾದ ಸುಬಾಂಗ್ ಜಯಾದ ಬಿಸಿಲು, ಒಳಗೆ ಓವನ್ನಿನ ಬೇಗೆ. ಬಟ್ಟೆ ಹಿಡಿದು ಬಾಗಿಲು ತೆರೆದೆ. ಸೀದ ಸಿಹಿಯ ಹೊಗೆ ಮುಖಕ್ಕೆ ರಪ್ಪನೆ ಹೊಡೆಯಿತು. ಮರುಕ್ಷಣ ನಾನು ಹದಿನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿರಲಿಲ್ಲ. ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ, ಕಾಕಂಬಿಯ ವಾಸನೆ ಹೊದ್ದ ಬಚ್ಚಲುಮನೆಯ ಹೊಸ್ತಿಲ ಮೇಲೆ, ಫ್ರಾಕು ಮೊಣಕಾಲಿಗೆ ಎಳೆದುಕೊಂಡು ಕೂತಿದ್ದೆ.

ಓವನ್ನಿನಲ್ಲಿ ಬೇಯಿಸುವ ಈ ಗೆಣಸಿನ ಕ್ಯಾಸರೋಲಿನ ಉಸಾಬರಿ ನಾನಾಗಿ ಹಚ್ಚಿಕೊಂಡದ್ದಲ್ಲ. ಒಂಬತ್ತನೇ ಮಹಡಿಯ ಮಿಶೆಲ್ ನಮ್ಮ ಮಗಳು ಮೇಧಾಳ ಗೆಳತಿ. ಅವರ ಮನೆಯಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಒಂದು ದಿನ ಎಲ್ಲರನ್ನೂ ಊಟಕ್ಕೆ ಕರೆಯುತ್ತಾರೆ. ಈ ಸಲ ಅದು ಏಕಾದಶಿಯ ದಿನವೇ ಬಿತ್ತು. ನನ್ನನ್ನು ಒಂದು ಮಾತೂ ಕೇಳದೆ ಮೇಧಾ ಗೆಳತಿಯರಿಗೆ ಹೇಳಿಬಿಟ್ಟಿದ್ದಳು, ‘ಮೈ ಮದರ್ ವಿಲ್ ಬ್ರಿಂಗ್ ಸ್ವೀಟ್ ಪೊಟ್ಯಾಟೋ ಕ್ಯಾಸರೋಲ್.’ ಯಾವುದೋ ವಿಡಿಯೋದಲ್ಲಿ ನೋಡಿದ್ದಂತೆ. ಅದರ ಮೇಲೆ ಮೆತ್ತನೆಯ ಬಿಳಿ ಮಿಠಾಯಿ, ಮಾರ್ಷ್‌ಮ್ಯಾಲೋ ಹಾಸಬೇಕಂತೆ. ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಓದಿದರೆ ಅದರಲ್ಲಿ ದನದ ಜೆಲಟಿನ್. ನಾನು ವಾಪಸ್ ಇಟ್ಟೆ.

“ಅಮ್ಮಾ, ಅದಿಲ್ದಿದ್ರೆ ಅದು ಕ್ಯಾಸರೋಲೇ ಅಲ್ಲ ಲಾ.” ಮಾತಿನ ಕೊನೆಗೆ ಈ ಊರಿನವರ ಹಾಗೆ ಒಂದು ‘ಲಾ’.

“ಹಾಗಾದ್ರೆ ಗೆಣಸಿನ ಪಲ್ಯ ಅಂತ ಹೇಳು.”

“ಸೋ ಎಂಬರಾಸಿಂಗ್!” ಎಂದು ಗಾಡಿ ತಳ್ಳಿಕೊಂಡು ಮುಂದೆ ಹೋದಳು.

ಅಲ್ಲಿಂದ ಎಲ್ಲವೂ ತಿರುಗುಮುರುಗು. ಕಿತ್ತಳೆ ಬಣ್ಣದ ಗೆಣಸು ಬೇಯಿಸಿದರೆ ನೀರಾಯಿತು. ನೇರಳೆ ಗೆಣಸು ಸಿಮೆಂಟಿನ ಹಾಗೆ ಗಟ್ಟಿಯಾಯಿತು. ಕೊನೆಗೆ ಸಂತೆಯ ತಮಿಳು ಅಕ್ಕ, “ಇದ ಎಡುತ್ತುಕ್ಕೋ ಮಾ, ನಲ್ಲಾ ಇರುಕ್ಕುಂ” ಎಂದು ಹಳದಿ ತಿರುಳಿನದನ್ನು ಆರಿಸಿ ಚೀಲಕ್ಕೆ ಹಾಕಿದಳು. ಅವಳ ಪಕ್ಕದ ಅಂಗಡಿಯಲ್ಲೇ ತೆಂಗಿನಕಾಯಿ ತುರಿದು ಕಣ್ಣೆದುರಿಗೆ ಹಾಲು ಹಿಂಡಿ ಕೊಡುತ್ತಾರೆ. ಈ ಊರಿನ ಗುಲಾ ಮಲಾಕ, ತಾಳೆಯ ಬೆಲ್ಲ, ಮೂಗಿಗೆ ಹಿಡಿದರೆ ನಮ್ಮ ಆಲೆಮನೆಯ ಬೆಲ್ಲದ ತಂಗಿಯ ಹಾಗಿದೆ. ಇಷ್ಟು ದೂರದಲ್ಲೂ ದೇವರು ತೆಂಗಿನಹಾಲು, ಬೆಲ್ಲ ಕೊಟ್ಟಿದ್ದಾನಲ್ಲ ಎಂದು ಮನಸ್ಸಿನಲ್ಲೇ ಕೈಮುಗಿದೆ. ಅದು ಬಿಟ್ಟರೆ ಆ ದಿನ ಕೈಮುಗಿಯುವಂಥದ್ದು ಹೆಚ್ಚೇನೂ ಆಗಲಿಲ್ಲ.

ಗೆಣಸು, ಬೆಲ್ಲ, ತೆಂಗಿನಹಾಲು ಮೂರನ್ನೂ ಕಟ್ಟೆಯ ಮೇಲೆ ಸಾಲಾಗಿ ಇಟ್ಟಾಗಲೇ ಕೈ ತಾನಾಗಿ ಅಂಬತ್ತೆಯ ದಾರಿ ಹಿಡಿದಿತ್ತು. ಅಂಬತ್ತೆ ನಮ್ಮ ತಂದೆಯ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ನನಗೆ ನೆನಪಿರುವಷ್ಟು ಕಾಲವೂ ಒಂದೇ ಬಣ್ಣಗೆಟ್ಟ ಸೀರೆ, ಒಂದೇ ಹೊತ್ತಿನ ಊಟ. ಏಕಾದಶಿ ಬಂತೆಂದರೆ ಮನೆಯಲ್ಲಿ ಅನ್ನದ ಒಲೆ ಹೊತ್ತುತ್ತಿರಲಿಲ್ಲ. ಆದರೆ ಪಾಳಿಗೆ ಹೋಗುವ ಅಪ್ಪನಿಗೆ, ಮಕ್ಕಳಾದ ನಮಗೆ ಉಪವಾಸವಿರಲಿಲ್ಲ. ಬಚ್ಚಲಿನ ಹಂಡೆಯ ಒಲೆಗೆ ಕಬ್ಬಿನ ಒಣಸಿಪ್ಪೆ, ಸೌದೆ ಒಟ್ಟಿ, ನೀರು ಕಾದ ಮೇಲೆ ಉಳಿದ ಕೆಂಡವನ್ನು ಅತ್ತೆ ಬೂದಿಯಿಂದ ಬೇರೆ ಮಾಡುತ್ತಿದ್ದಳು. ಕಲಾಯಿ ಹಾಕಿದ ದಪ್ಪ ತಳದ ಹಿತ್ತಾಳೆ ಪಾತ್ರೆಯಲ್ಲಿ ಒಂದು ಸುತ್ತು ಗೆಣಸಿನ ಬಿಲ್ಲೆ, ಒಂದು ಸುತ್ತು ಕುಟ್ಟಿದ ಬೆಲ್ಲ, ಮತ್ತೆ ಗೆಣಸು, ಮತ್ತೆ ಬೆಲ್ಲ. ಮೇಲೆ ತೆಂಗಿನಹಾಲು, ಏಲಕ್ಕಿ, ಬೆರಳ ತುದಿಯಷ್ಟು ತುಪ್ಪ. ತಟ್ಟೆ ಮುಚ್ಚಿ, ಕೆಳಗೆ ಕೆಂಡ, ತಟ್ಟೆಯ ಮೇಲೂ ಕೆಂಡ. ಆಮೇಲೆ ಕಾಯುವುದು. ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ, ಪಾತ್ರೆಯ ಕಡೆಯಿಂದ ಸೀಯುವ ಬೆಲ್ಲದ ವಾಸನೆ. ಎರಡೂ ಬಚ್ಚಲಿನ ಬಾಗಿಲಲ್ಲಿ ಕೂಡಿಕೊಂಡು ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಅತ್ತೆ ಅದನ್ನು ಒಮ್ಮೆಯೂ ಬಾಯಿಗೆ ಹಾಕಲಿಲ್ಲ. ಆ ದಿನ ಅವಳಿಗೆ ತೀರ್ಥ ಬಿಟ್ಟು ಬೇರೇನೂ ಇಲ್ಲ, ಮರುದಿನಕ್ಕೆ ಅದು ತಂಗಳು, ಮುಟ್ಟುವಂತಿಲ್ಲ. ಉಳಿಯುತ್ತಲೂ ಇರಲಿಲ್ಲ ಅನ್ನಿ. ಅದಕ್ಕೇ ನನ್ನನ್ನು ಎದುರಿಗೆ ಕೂರಿಸಿಕೊಂಡು, ಮುತ್ತುಗದ ಎಲೆಗೆ ಬಡಿಸಿ, “ಹೇಗಾಗಿದೆಯೇ ಪುಟ್ಟಿ?” ಎನ್ನುತ್ತಿದ್ದಳು.

“ಚೆನ್ನಾಗಿದೆ ಅತ್ತೆ.”

“ಚೆನ್ನಾಗಿದೆ ಅಂತ ಬೀಗರು ಹೇಳ್ಲಿ. ನೀನು ಬಾಯಲ್ಲಿ ಏನಾಯ್ತೋ ಅದನ್ನ ಹೇಳು.”

“ಮೊದ್ಲು ಹಲ್ಲಿಗೆ ಅಂಟ್ಕೊಂಡ್ತು. ಆಮೇಲೆ ಜಾರಿ ಹೋಯ್ತು. ತಳದ್ದು ಸ್ವಲ್ಪ ಕಹಿ.”

“ಎಂಥ ಕಹಿ? ಹಾಗಲಕಾಯಿದಾ?”

“ಅಲ್ಲ ಅತ್ತೆ, ಕಾಫಿಪುಡಿ ಕದ್ದು ತಿಂದ ಹಾಗೆ.”

“ಕಳ್ಳಿ, ಅದೂ ಗೊತ್ತು ನಿಂಗೆ!” ಎಂದು ನಕ್ಕು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. “ಆ ಕಹಿ ಬಂದ್ರೇನೇ ಆಗಿದೆ ಅಂತ ಲೆಕ್ಕ. ಹೂಂ, ಮುಂದೆ ಹೇಳು.” ನಾನು ತಿನ್ನುತ್ತ ಹೇಳುತ್ತಿದ್ದೆ. ಅವಳ ಗಂಟಲು ಒಮ್ಮೊಮ್ಮೆ ನುಂಗಿದಂತೆ ಅಲುಗುತ್ತಿತ್ತು. ನಿಮ್ಮ ಮನೆಗಳಲ್ಲೂ ಇಂಥವರೊಬ್ಬರು ಇದ್ದಿರುತ್ತಾರೆ, ಎಲ್ಲರಿಗೂ ಬಡಿಸಿ ತಾವು ಬರೀ ಕೇಳಿ ತೃಪ್ತಿಪಟ್ಟವರು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಅತ್ತೆ ಹೋದಳು. ಅಪ್ಪ ನಿವೃತ್ತರಾದರು, ನಾವು ಕ್ವಾರ್ಟರ್ಸ್ ಬಿಟ್ಟೆವು, ಆಮೇಲೆ ಆ ಸಾಲನ್ನೇ ಕೆಡವಿದರು. ಹಿತ್ತಾಳೆ ಪಾತ್ರೆ ಯಾರ ಮನೆ ಸೇರಿತೋ, ಕೇಳಿದರೆ ಯಾರಿಗೂ ನೆನಪಿಲ್ಲ.

ಟ್ರೇ ಹೊರತೆಗೆದಾಗ ನೋಡಲೇನೋ ಸೊಗಸಾಗಿತ್ತು. ಮೇಲೆ ಬೆಲ್ಲ ಕಂದುಗಟ್ಟಿ ಫಳಫಳ ಎನ್ನುತ್ತಿತ್ತು. ರುಚಿ ನೋಡುವಂತಿಲ್ಲ. ಮನೆ ತುಂಬ ಅತ್ತೆಯ ಬಚ್ಚಲಿನ ವಾಸನೆ ಇದ್ದಾಗ ನೋಡುವುದೇನು, ಬಂದೇ ಬಂದಿದೆ ಎಂದುಕೊಂಡೆ. ಇದೊಂದು ಸಲ ಸರಿಯಾಗಿ ಬಂದಿರಲಪ್ಪ ಎಂದು ದೇವರ ಮುಂದೆ ನಿಂತೂ ಕೇಳಿಕೊಂಡೆ. ಇಷ್ಟು ವರ್ಷದಲ್ಲಿ ಅವಳ ಕೈಯ ಅಡುಗೆ ಯಾವುದನ್ನೂ ನನ್ನ ಕೈಗೆ ತಂದುಕೊಳ್ಳಲು ಆಗಿರಲಿಲ್ಲ. ಮೇಧಾಳ ಕೈಗೆ ಟ್ರೇ, ಜೊತೆಗೆ ನಮ್ಮದೇ ಸೌಟು ಕೊಟ್ಟು, “ಇದನ್ನ ಇನ್ಯಾವುದಕ್ಕೂ ಹಾಕ್ಬೇಡಿ ಅಂತ ಹೇಳು” ಎಂದೆ. “ಓಕೆ, ಓಕೆ” ಎಂದು ಲಿಫ್ಟಿಗೆ ಓಡಿದಳು.

ಮಧ್ಯಾಹ್ನ ಕಳೆದು ಬಂದಳು. ಟ್ರೇ ಖಾಲಿ. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ. “ಅಮ್ಮಾ, ನಿಂಗೆ ತಾಪಾವ್ ಮಾಡ್ಕೊಂಡ್ ಬಂದೆ. ಟುಮಾರೋ ನಿನ್ನ ಫಾಸ್ಟ್ ಮುಗಿಯತ್ತಲ್ಲ!” ತಾಪಾವ್ ಎಂದರೆ ಈ ಊರಿನ ಮಾತಿನಲ್ಲಿ ಊಟ ಕಟ್ಟಿಸಿಕೊಂಡು ಬರುವುದು. ನಾನು ಅತ್ತೆಯಷ್ಟು ಮಡಿಯವಳಲ್ಲ, ಫ್ರಿಜ್ಜಿನದ್ದು ತಿನ್ನುತ್ತೇನೆ. ಆಸೆಯಿಂದ ಮುಚ್ಚಳ ತೆಗೆದೆ. ಗೆಣಸಿನ ಅಂಚಿಗೆ ಕೋಳಿಯ ಸಾರು ಹತ್ತಿಕೊಂಡಿತ್ತು.

“ಸೌಟು ಬೇರೆ ಇಡಿ ಅಂತ ಹೇಳು ಅಂದಿರ್ಲಿಲ್ವಾ?”

“ಹೇಳ್ದೆ! ಮಿಶೆಲ್ ಡ್ಯಾಡಿ ಮರ್ತುಬಿಟ್ರು. ನಾನೇನ್ ಮಾಡ್ಲಿ?” ಅವಳ ಮುಖ ಸಣ್ಣದಾಯಿತು. ಡಬ್ಬಿಯನ್ನೂ ನನ್ನನ್ನೂ ನೋಡಿದಳು. “ಹಾಗಾದ್ರೆ ನೀನ್ ತಿನ್ನೋದೇ ಇಲ್ವಾ?”

ಉಪವಾಸದ ಸುಸ್ತೋ, ಬೆಳಗಿನಿಂದ ಕಟ್ಟಿಕೊಂಡ ಸಿಟ್ಟೋ, ಅಳು ಬಂದಂತಾಯಿತು. ಮುಚ್ಚಳ ಹಾಕಿ, “ಇಲ್ಲ ಕಣೇ. ನೀನೇ ಹೇಳು, ಹೇಗಿತ್ತು?” ಎಂದೆ.

“ನೈಸ್ ಲಾ.”

“ನೈಸ್ ಅಂತ ಬೀಗರು ಹೇಳ್ಲಿ!” ನನ್ನ ಬಾಯಿಂದ ಹೊರಬಿದ್ದ ದನಿಗೆ ನಾನೇ ಬೆಚ್ಚಿದೆ.

“ಹೂ ಈಸ್ ಬೀಗರು?”

“ಅದು ಆಮೇಲೆ. ಬಾಯಲ್ಲಿ ಏನಾಯ್ತೋ ಅದನ್ನ ಹೇಳು.”

ಮೇಧಾ ವಿಚಿತ್ರವಾಗಿ ನೋಡಿದಳು. ಆಮೇಲೆ ಏನನ್ನಿಸಿತೋ, ಅಡುಗೆಮನೆಯ ಸ್ಟೂಲು ಎಳೆದು ಎದುರಿಗೆ ಕೂತಳು. ಇಂಗ್ಲಿಷಿಗೆ ಕನ್ನಡ ಬೆರೆಸಿ, ತಡವರಿಸಿ, ಕೈಬೆರಳು ಆಡಿಸುತ್ತ ಹೇಳತೊಡಗಿದಳು. “ಮೇಲೆ ಕ್ರಿಸ್ಪಿ ಇತ್ತು, ಟಕ್ ಅಂತ ಒಡೀತು. ಒಳಗೆ ಸಾಫ್ಟ್. ಹಲ್ಲಿಗೆ ಅಂಟ್ತು, ಆಮೇಲೆ... ಐ ಡೋಂಟ್ ನೋ, ಹೊರಟೋಯ್ತು.” ನಾನು ಗೋಡೆಗೆ ಒರಗಿ ಕಣ್ಣು ಮುಚ್ಚಿದೆ.

“ತಳದ್ದು? ತಳದಲ್ಲಿ ಕಹಿ ಇತ್ತಾ?”

ಅವಳು ನನ್ನನ್ನು ಸಮಾಧಾನಪಡಿಸಲು ಹೂಂ ಅನ್ನಬಹುದಿತ್ತು, ಅನ್ನಲಿಲ್ಲ. ಅದನ್ನೂ ನಾನು ದೇವರ ದಯೆಯೆಂದೇ ಎಣಿಸಿಕೊಂಡಿದ್ದೇನೆ.

“ಇಲ್ಲಮ್ಮಾ. ಕಹಿ ಇರ್ಲಿಲ್ಲ. ಜಸ್ಟ್ ಸ್ವೀಟ್.” ಆಮೇಲೆ ಮೆಲ್ಲಗೆ, “ಇರ್ಬೇಕಿತ್ತಾ?”

ಓವನ್ನಿನ ತಳದಲ್ಲಿ ಸೀದ ರಸ ಕಪ್ಪಗೆ ಅಂಟಿಕೊಂಡಿತ್ತು. ಅದರ ವಾಸನೆ ಇನ್ನೂ ಮನೆ ಬಿಟ್ಟಿರಲಿಲ್ಲ.

“ಇರ್ಬೇಕಿತ್ತು” ಎಂದೆ.