ಟಿಕೆಟಿಗೆ ಮುಂಚಿನ ವಿಚಾರಣೆ

ಕಡಬದಿಂದ ಪುತ್ತೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಶೀನಣ್ಣನ ಕತ್ತು ಸ್ವಲ್ಪ ಉದ್ದ. ಕಂಡವರ ಚೀಲದೊಳಗೆ ಇಣುಕಿ ಇಣುಕಿಯೇ ಅದು ಹಾಗೆ ಬೆಳೆದದ್ದೆಂದು ನಾನು ನಂಬಿದ್ದೆ. ದುಡ್ಡು ಕೊಟ್ಟ ಮಾತ್ರಕ್ಕೆ ಅವರಿಂದ ಟಿಕೆಟ್ ಸಿಗುತ್ತಿರಲಿಲ್ಲ. "ಎಲ್ಲಿಗೆ? ಎಂತಕ್ಕೆ? ಯಾರ ಮನೆಗೆ?" ಎಂಬುದಕ್ಕೆಲ್ಲ ಅವರಿಗೆ ಒಪ್ಪಿಗೆಯಾಗುವ ಉತ್ತರ ಬೇಕಿತ್ತು. ಆಸ್ಪತ್ರೆಗೆ ಎಂದರೆ ಕಾಯಿಲೆ ಯಾವುದೆಂದು ಹೇಳಬೇಕು. ಮೂಲವ್ಯಾಧಿ ಎಂದು ಪಿಸುಗುಟ್ಟಿದವರಿಗೆ ಹಿಂದಿನ ಸೀಟಿಗೂ ಕೇಳುವಂತೆ ಮದ್ದು ಹೇಳುತ್ತಿದ್ದರು.

ಆಗ ನಾನು ಕಡಬದ ಶಾಲೆಯಲ್ಲಿ ಟೀಚರು. ಶನಿವಾರ ಪುತ್ತೂರಿನ ಮನೆಗೆ ಹೊರಟಾಗಲೆಲ್ಲ ಶೀನಣ್ಣ ನನ್ನ ಮದುವೆಯ ವಿಷಯ ಎತ್ತುತ್ತಿದ್ದರು. "ಉಪ್ಪಿನಂಗಡಿಯಲ್ಲಿ ಒಬ್ಬ ಹುಡುಗ ಉಂಟು ಟೀಚರೇ. ಹಲ್ಲು ಸ್ವಲ್ಪ ಮುಂದೆ, ಆದ್ರೆ ತೋಟ ಉಂಟು" ಎಂದ ದಿನ ಇಡೀ ಬಸ್ಸು ಆ ಹಲ್ಲಿನ ಪರವಾಗಿ ವಾದಿಸಿತ್ತು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಕೆಟ್ಟವರೇನಲ್ಲ. ಬಸುರಿಯರಿಗಾಗಿ ಬಸ್ಸು ನಿಲ್ಲಿಸಿ ಕಾಯುತ್ತಿದ್ದರು. ಎಷ್ಟು ತಿಂಗಳು ಎಂದೂ ಕೂಗಿ ಕೇಳುತ್ತಿದ್ದರು.

ಒಂದು ಶನಿವಾರ ನನ್ನ ಜೊತೆ ಅಕ್ಕ ಇದ್ದಳು. ಇಚಿಲಂಪಾಡಿಯ ಗಂಡನ ಮನೆಯಲ್ಲಿ ಹೊಡೆತ ತಿಂದು ಸಾಕಾಗಿ, ಬರಿಗೈಯಲ್ಲಿ ನನ್ನಲ್ಲಿಗೆ ಓಡಿ ಬಂದಿದ್ದಳು. ಅವಳನ್ನು ತವರಿಗೆ ಮುಟ್ಟಿಸುವುದೊಂದೇ ನನ್ನ ತಲೆಯಲ್ಲಿತ್ತು. ಗಂಡ ಎಲ್ಲಿ, ಚೀಲ ಯಾಕಿಲ್ಲ, ಕೆನ್ನೆ ಯಾಕೆ ಊದಿದೆ ಎಂದು ಶೀನಣ್ಣ ಒಂದೊಂದಾಗಿ ಕೇಳಿದರು. ಅಕ್ಕ ಕಿಟಕಿಯ ಕಡೆ ತಿರುಗಿದಳು. ಅವರಿಗೆ ಅಷ್ಟೇ ಸಾಕಾಯಿತು. ಆ ದಾರಿಯಲ್ಲಿ ಅವರಿಗೆ ಗೊತ್ತಿಲ್ಲದ ಸಂಸಾರ ಇರಲಿಲ್ಲ. ಉಪ್ಪಿನಂಗಡಿಯಲ್ಲಿ ಚಹಾಕ್ಕೆಂದು ಇಳಿದವರು, ಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಭಾವನನ್ನೇ ಕರೆದುಕೊಂಡು ಬಂದರು.

"ಗಂಡ ಹೆಂಡತಿ ಅಂದ ಮೇಲೆ ಮಾತು ಬರ್ತದೆ, ಹೋಗ್ತದೆ. ಇಳಿ ತಂಗಿ, ಮನೆಗೆ ಹೋಗು" ಎಂದರು.

ಭಾವ ಅಕ್ಕನ ರಟ್ಟೆ ಹಿಡಿದು ಎಳೆದ. ನಾನು ಅಡ್ಡ ನಿಂತೆ. ಗಂಡ ಹೆಂಡಿರ ನಡುವೆ ನಿನಗೇನು ಕೆಲಸ ಎಂದು ಬಸ್ಸಿನವರು ನನ್ನನ್ನೇ ಗದರಿದರು. ಶೀನಣ್ಣನನ್ನು ಯಾರೂ ಹಾಗೆ ಕೇಳಲಿಲ್ಲ. ಭಾವ ಅಕ್ಕನನ್ನು ಇಳಿಸಿಕೊಂಡು ಹೋದ ಮೇಲೆ ಅವರು ಪುಣ್ಯ ಕಟ್ಟಿಕೊಂಡ ಮುಖದಲ್ಲಿ ರೈಟ್ ಎಂದರು.

ಮತ್ತೊಮ್ಮೆ ಮನೆ ಬಿಟ್ಟಾಗ ಅಕ್ಕ ಬಸ್ಸು ಹತ್ತಲಿಲ್ಲ. ಪುತ್ತೂರಿನವರೆಗೂ ನಡೆದೇ ಬಂದಳು. ಅವಳ ಒಡೆದ ಕಾಲು ತೊಳೆಯುವಾಗ ಶೀನಣ್ಣನ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕೊನೆಯ ಸಲ ನೋಡಿದಾಗ ಶೀನಣ್ಣ ಕೆಲಸ ಬಿಟ್ಟಿದ್ದರು. ಅದೇ ಬಸ್ಸಿನಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುತ್ತೂರಿಗೆ ಹೊರಟಿದ್ದರು. ಅವಳ ಕೆನ್ನೆಯೂ ಊದಿತ್ತು, ಕೈಯಲ್ಲಿ ಚೀಲ ಇರಲಿಲ್ಲ. ಅವರೇ ವರ್ಷಗಟ್ಟಲೆ ಪಳಗಿಸಿದ ಪ್ರಯಾಣಿಕರು, ಅಳಿಯ ಎಲ್ಲಿ, ಏನಾಯಿತು ಎಂದು ಸುತ್ತಲಿಂದ ವಿಚಾರಿಸುತ್ತಿದ್ದರು. ಕೂಡಿಟ್ಟ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲೂ ಇತ್ತು. ನನ್ನನ್ನು ಕಂಡು ಅವರು ತಲೆ ತಗ್ಗಿಸಿದರು.

"ನೀವಾದ್ರೂ ಎಂತದೂ ಕೇಳ್ಬೇಡಿ ಟೀಚರೇ."

"ನಾನು ಕಂಡಕ್ಟರಲ್ಲ ಶೀನಣ್ಣ" ಎಂದೆ.

ಉಪ್ಪಿನಂಗಡಿಯಲ್ಲಿ ಬಸ್ಸು ನಿಂತಿತು. ಅವರು ಚಹಾಕ್ಕೆ ಇಳಿಯಲಿಲ್ಲ. ಮಗಳ ಸೆರಗನ್ನು ಕೆನ್ನೆಯ ಮೇಲೆ ಎಳೆದು, ಬಸ್ಸು ಹೊರಡುವ ತನಕ ಬಾಗಿಲನ್ನೇ ನೋಡುತ್ತ ಕುಳಿತಿದ್ದರು.