ಅವ್ವನಿಗೆ ಹಳ್ಳಿ ತೋರಿಸಲು ಹೊರಟದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವಾಗಿ ಕಂಡುಹಿಡಿದು ನಗುವುದು ಬೇಡ. ಮಂಡ್ಯದ ಪಕ್ಕದ ಹಳ್ಳಿಯಲ್ಲೇ ಬದುಕು ಕಳೆದಿರುವ ನನ್ನ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು, ಕೈಯಿಂದ ದುಡ್ಡು ಕೊಟ್ಟು, ‘ಹಳ್ಳಿಯ ಅನುಭವ’ ಕೊಡಿಸಲು ಹೋದ ಮಹಾನುಭಾವ ನಾನೇ. ಬೇಕೆಂದು ಮಾಡಿದ್ದಲ್ಲ. ಮೊಬೈಲಿನಲ್ಲಿ ಹೊಳೆ ಕಾಣಿಸಿತು, ಹೊಳೆಯ ದಡದಲ್ಲಿ ಹೆಂಚಿನ ಮನೆ ಕಾಣಿಸಿತು, ಎರಡು ಮರಗಳ ನಡುವೆ ತೂಗುಬಲೆ ಕಾಣಿಸಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದುವ ತಾಳ್ಮೆ ನನಗಿರಲಿಲ್ಲ.

ನಾನು ಕಣ್ಣಿನವನಲ್ಲ, ಕಿವಿಯವನು. ಮದುವೆಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಮೈಕು ಸಿಕ್ಕಿದರೆ ಊರಿನವರ ದನಿಯನ್ನೆಲ್ಲ ತೆಗೆಯುತ್ತೇನೆ. ಹಾಲಿನ ಡೈರಿಯ ಸೆಕ್ರೆಟರಿಯ ಕೆಮ್ಮನ್ನು ಅವರಿಗಿಂತ ನಾನೇ ಚೆನ್ನಾಗಿ ಕೆಮ್ಮುತ್ತೇನೆ. ನಿನ್ನ ಸ್ವಂತ ದನಿ ಯಾವುದಯ್ಯಾ ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ಹೊರಡುವಾಗ ಅವ್ವ ಒಂದೇ ಷರತ್ತು ಹಾಕಿದಳು. “ಯಾರ ಮನೆಗೂ ಬ್ಯಾಡ ಕಣ್ಲಾ. ಒಂದೊತ್ತು ಯಾರಾರ ಮಾಡಿ ಇಕ್ಲಿ, ನಾನು ಕುಂತ್ಕಂಡು ಉಣ್ಬೇಕು.”

ಕೇಳಲು ಸಣ್ಣ ಆಸೆ. ಆದರೆ ನಮ್ಮ ಕಡೆಯ ನೆಂಟಸ್ತನ ಬಲ್ಲವರಿಗೆ ಗೊತ್ತು, ಅದು ಎಷ್ಟು ದೊಡ್ಡದೆಂದು. ನೆಂಟರ ಮನೆಗೆ ಹೋದರೆ ಅಪ್ಪನಿಗೆ ಜಗುಲಿ, ನನಗೆ ಟೀವಿ, ಅವ್ವನಿಗೆ ಒಲೆ. ಚೊಂಬಿನಲ್ಲಿ ನೀರು ಕೊಡುತ್ತಾರೆ, ಕುಡಿದು ಮುಗಿಸುವಷ್ಟರಲ್ಲಿ ಅವ್ವ ಸೆರಗು ಸಿಕ್ಕಿಸಿಕೊಂಡು ಅವರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಯಾರೂ ಹೇಳುವುದಿಲ್ಲ, ಯಾರೂ ತಡೆಯುವುದೂ ಇಲ್ಲ. ಅವ್ವ ಊರೂರು ತಿರುಗಿದ್ದಾಳೆ, ನೋಡಿದ್ದೆಲ್ಲ ಒಲೆಗಳನ್ನೇ.

ಹಾಗಾಗಿ ನಮ್ಮ ಪ್ರವಾಸದ ದಾರಿಯನ್ನು ನಿರ್ಧರಿಸಿದವರು ನೆಂಟರು. ಹೊಳೆಯ ದಡದ ಆ ಮನೆ ಇದ್ದದ್ದು ಮಳವಳ್ಳಿಯ ಆಚೆ, ಮಂಡ್ಯದಿಂದ ಮಳವಳ್ಳಿಗೆ ನೇರ ರಸ್ತೆಯಿದೆ. ಆ ರಸ್ತೆಯಲ್ಲಿ ನಮ್ಮತ್ತೆಯ ಮನೆಯೂ ಇದೆ. ಬಾಗಿಲ ಮುಂದೆ ಹಾದು ಇಳಿಯದೆ ಹೋದದ್ದು ತಿಳಿದರೆ ಅತ್ತೆ ವರ್ಷವಿಡೀ ಆಡಿಕೊಳ್ಳುತ್ತಾಳೆ. ಅದಕ್ಕೇ ಮದ್ದೂರು ಸುತ್ತಿಕೊಂಡು ಹೋಗುವುದೆಂದಾಯಿತು. ದಾರಿ ಹೇಳುವ ಮೊಬೈಲಿನ ಹೆಂಗಸಿಗೆ ಇದೆಲ್ಲ ಏನು ಗೊತ್ತು? ಅವಳು ತಿರುಗಿ ತಿರುಗಿ ಎಂದು ಗೋಳಾಡುತ್ತಿದ್ದಳು. ನಾನು ಅವಳ ದನಿಯಲ್ಲೇ, “ಮುಂದೆ ಬಲಕ್ಕೆ ತಿರುಗಬೇಡಿ, ಅಲ್ಲಿ ನಿಮ್ಮ ಅತ್ತೆಯವರು ಕೋಳಿ ಹಿಡಿಯುತ್ತಿದ್ದಾರೆ,” ಅಂದೆ. ಅವ್ವ ಕಾರಿನ ಹಿಂದಿನ ಸೀಟಿನಲ್ಲಿ ನಕ್ಕು ನಕ್ಕು ಒರಗಿದಳು.

ಹನಕೆರೆಯಲ್ಲಿ ಸಿಕ್ಕಿಬಿದ್ದೆವು. ಅಪ್ಪನ ದೊಡ್ಡಪ್ಪನ ಮಗ, ಅಂದರೆ ನನಗೂ ದೊಡ್ಡಪ್ಪನೇ, ಬನೀನು ತೊಟ್ಟು ಟೀ ಅಂಗಡಿಯ ಮುಂದೆ ನಿಂತಿದ್ದವನು ಕಾರು ಕಂಡು ರಸ್ತೆಗೇ ಬಂದುಬಿಟ್ಟ.

“ಎಲ್ಲಿಗ್ಲಾ ಓಯ್ತಾ ಇದ್ದೀರಿ? ಇಳೀರಿ, ಉಂಡ್ಕಂಡು ಓಗೀರಂತೆ.”

ನನ್ನ ಪಕ್ಕದ ಸೀಟಿನಲ್ಲಿದ್ದ ಅಪ್ಪ ಕಣ್ಣು ಮಿಟುಕಿಸದೆ, “ಮಳವಳ್ಳಿ ಕಡೆ ಒಂದು ಸಾವಾಗದೆ ಕಣಣ್ಣ,” ಅಂದ. ಸಾವಿಗೆ ಹೊರಟವರನ್ನು ಊಟಕ್ಕೆ ತಡೆಯುವಂತಿಲ್ಲ, ಲೆಕ್ಕಾಚಾರ ಸರಿಯಾಗಿಯೇ ಇತ್ತು.

“ಅಯ್ಯೋ, ಯಾರ್ಲಾ?”

“ದೂರದೋರು.”

“ದೂರದೋರಾದ್ರೇನು, ತಡಿ, ಸರ್ಟು ಆಕ್ಕಂಡು ನಾನೂ ಬತ್ತೀನಿ.”

“ಮಣ್ಣಾಗೋಯ್ತು ಬುಡಣ್ಣ, ನಾವು ಸುಮ್ನೆ ಮಾತಾಡ್ಸ್ಕಂಡು ಬರಕ್ಕೆ ಓಯ್ತಾ ಇರೋದು.”

ಅವ್ವನ ಮುಡಿಯಲ್ಲಿ ಮೊಳ ಮಲ್ಲಿಗೆ ನಗುತ್ತಿತ್ತು. ದೊಡ್ಡಪ್ಪ ಕಿಟಕಿಗೆ ಬಗ್ಗುವಷ್ಟರಲ್ಲಿ ಅವಳು ಸೆರಗನ್ನು ತಲೆತುಂಬ ಎಳೆದುಕೊಂಡಳು, ನಾನು ಗೇರು ಹಾಕಿದೆ. ಮದ್ದೂರಿನ ಹತ್ತಿರ ಬಂದ ಮೇಲೆ ಅವ್ವ ತಲೆಯ ಸೆರಗು ಸರಿಸಿದಳು. ಆಮೇಲೆ ಅವ್ವ ಕೇಳಿದಳು, “ಅಲ್ಲ, ಯಾರ್ನ ಸಾಯ್ಸಿದ್ರಿ ಇವತ್ತು?”

“ಇನ್ನೂ ಗೊತ್ತಿಲ್ಲ ಕಣೆ,” ಅಂದ ಅಪ್ಪ.

ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡೆವು. ಪೊಟ್ಟಣ ಬಿಚ್ಚಿದ ಅವ್ವ ಮೊದಲು ಅಪ್ಪನಿಗೆ, ಆಮೇಲೆ ನನಗೆ ಕೊಟ್ಟು, ತಳದಲ್ಲಿ ಮುರಿದದ್ದನ್ನು ತಾನು ತಿಂದಳು. ಕೈಗೆ ರಜೆ ಕೊಟ್ಟರೂ ಅದು ತೆಗೆದುಕೊಳ್ಳುವುದಿಲ್ಲ ನೋಡಿ.

ಮಳವಳ್ಳಿಯವರೆಗೂ ಕಬ್ಬು, ಗದ್ದೆ, ನಾಲೆ, ಮತ್ತೆ ಕಬ್ಬು. ನಮಗೆ ಅದು ದೃಶ್ಯವಲ್ಲ, ದಿನದ ಗೋಡೆ. ಹಲಗೂರು ದಾಟಿ ಕಾಡಿನ ರಸ್ತೆಗೆ ತಿರುಗಿದ ಮೇಲೆ ಮಾತ್ರ ಮೂವರೂ ಕಿಟಕಿಯ ಗಾಜು ಇಳಿಸಿದೆವು. ಮೊಬೈಲಿನ ಹೆಂಗಸು ಸುಮ್ಮನಾದಳು, ಸಿಗ್ನಲ್ಲು ಹೋಗಿತ್ತು. ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಬಂದವು. ಒಂದು ತಿರುವಿನಲ್ಲಿ ಹಾಳು ಕಲ್ಲುಮಂಟಪ ಕಂಡು ಅಪ್ಪ ಕಾರು ನಿಲ್ಲಿಸೆಂದ. ಹಿಂದೆ ಯಾತ್ರೆ ಹೋಗುವವರು ಇಂಥ ಮಂಟಪಗಳಲ್ಲಿ ಇಳಿದು, ಮೂರು ಕಲ್ಲು ಹೂಡಿ ಬೇಯಿಸಿಕೊಂಡು, ಬೆಳಗಾದರೆ ಮುಂದೆ ನಡೆಯುತ್ತಿದ್ದರಂತೆ. ಕಟ್ಟಿಸಿದವರ ಹೆಸರನ್ನು ಕಂಬದ ಮೇಲೆ ಕೊರೆಸುವುದೂ ಉಂಟು. ನಾನು ಶಾಸನ ಹುಡುಕುತ್ತ ಪಂಡಿತನಂತೆ ಕಂಬ ತಡವುತ್ತಿದ್ದೆ. ಅವ್ವ ಚಾವಣಿ ನೋಡುತ್ತಿದ್ದಳು. ಅಲ್ಲಿ ಹಳೆಯ ಒಲೆಹೊಗೆಯ ಮಸಿ ಹಿಡಿದಿತ್ತು. “ಪುಣ್ಯ ಮಾಡಕ್ಕೆ ಓಗೋವಾಗ್ಲೂ ಇದ್ಯಾವ್ಳೋ ವಗೆ ಕುಡ್ದವ್ಳೆ,” ಅಂದು ಕಾರು ಹತ್ತಿದಳು.

ಹೊಳೆಯ ದಡದ ಮನೆ ಫೋಟೋದಲ್ಲಿದ್ದಂತೆಯೇ ಇತ್ತು. ಮೊಳಕಾಲುದ್ದದ ಜುಬ್ಬ ತೊಟ್ಟ ಮ್ಯಾನೇಜರು ಮಣ್ಣಿನ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಅವ್ವ ಚಪ್ಪಲಿ ಕಳಚಿ ಬಂಡೆಯ ಮೇಲೆ ಕೂತು ಕಾವೇರಿಗೆ ಕಾಲು ಇಳಿಬಿಟ್ಟಳು. ನೀರು ಹೋಗುತ್ತಿತ್ತು, ಅವಳು ನೋಡುತ್ತಿದ್ದಳು. ಸಂಜೆಯವರೆಗೂ ನಡೆದದ್ದು ಅಷ್ಟೇ. ಅವ್ವ ಏನೂ ಮಾಡದೆ ಕೂತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ನನಗೇ ಸ್ವಲ್ಪ ಗಾಬರಿಯಾಯಿತು.

ಹೊತ್ತು ಮುಳುಗುವಾಗ ಗಂಟೆ ಬಾರಿಸಿದರು. ಊಟವೆಂದು ಹೋದರೆ, ಅಂಗಳದಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿದೆ, ಮೇಲೆ ಎಸರು ಕುದಿಯುತ್ತಿದೆ, ಪಕ್ಕದಲ್ಲಿ ರಾಗಿಹಿಟ್ಟು, ಮುದ್ದೆ ತಿರುವುವ ಕೋಲು. ಸುತ್ತ ಪೇಟೆಯ ಅತಿಥಿಗಳು ಮೊಬೈಲು ಎತ್ತಿಕೊಂಡು ನಿಂತಿದ್ದಾರೆ. ಮ್ಯಾನೇಜರು ಕೈಮುಗಿದು ಸಾರಿದರು: “ಇವತ್ತಿನ ಹಳ್ಳಿ ಅನುಭವ, ನಮ್ಮ ಮುದ್ದೆಯನ್ನು ನಾವೇ ಮಾಡಿಕೊಳ್ಳುವುದು. ಮೊದಲು ಯಾರು ಬರ್ತೀರಿ?”

ಸಣ್ಣ ಅಕ್ಷರದಲ್ಲಿ ಇದ್ದದ್ದು ಇದು.

ಅವ್ವ ಒಲೆಯನ್ನು ನೋಡಿದಳು. ಊರಲ್ಲೇ ಬಿಟ್ಟುಬಂದ ನೆಂಟ ಹಿಂದಿನ ಬಸ್ಸಿಗೆ ಬಂದಿಳಿದರೆ ಹೇಗೆ ನೋಡುತ್ತೇವೋ, ಹಾಗೆ. ಯಾರೂ ಮುಂದೆ ಬರಲಿಲ್ಲ. ಮೌನವಿದ್ದಲ್ಲಿ ನನ್ನ ಬಾಯಿ ನನ್ನನ್ನು ಕೇಳುವುದಿಲ್ಲ. ಅವ್ವನ ಬೆನ್ನ ಹಿಂದೆ ನಿಂತಿದ್ದವನು ಥೇಟು ಅವ್ವನ ದನಿಯಲ್ಲಿ, “ಬುಡಪ್ಪ, ನಾನೇ ಮಾಡ್ತೀನಿ,” ಅಂದುಬಿಟ್ಟೆ.

ಎಲ್ಲರೂ ಅವ್ವನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ಮ್ಯಾನೇಜರು “ಬನ್ನಿ ಅಮ್ಮ, ಬನ್ನಿ” ಎಂದು ಕೋಲು ಹಿಡಿದುಕೊಂಡು ಬಂದೇ ಬಂದರು. ಅವ್ವನ ಕೈ ತನ್ನ ಪಾಡಿಗೆ ತಾನು ಸೆರಗಿನ ತುದಿ ಹಿಡಿದು ಸೊಂಟದ ಕಡೆ ಹೋಯಿತು. ನನ್ನ ನಗೆ ಅಲ್ಲೇ ಆರಿತು. ಅವಳ ಒಂದೊತ್ತನ್ನು ಅವಳದೇ ದನಿಯಲ್ಲಿ ನಾನು ತಿಂದುಹಾಕಿದ್ದೆ.

ಕೈ ಅರ್ಧ ದಾರಿಯಲ್ಲಿ ನಿಂತಿತು. ಅವ್ವ ಸೆರಗು ಬಿಟ್ಟು, ಚಾಪೆಯ ಮೇಲೆ ಕಾಲು ನೀಡಿ ಕೂತು, ಮ್ಯಾನೇಜರಿಗೆ ನನ್ನನ್ನು ತೋರಿಸಿ ಹೇಳಿದಳು:

“ಮಾಡ್ತೀನಿ ಅಂದೋನು ಅವ್ನು ಕಣಪ್ಪ, ನಾನಲ್ಲ. ಕೋಲ ಅವನ್ ಕೈಗೆ ಕೊಡು, ನಂಗೊಂದು ತಟ್ಟೆ ಕೊಡು.”