ಕೈಗಳ ಮೇಲೆ ಕುಳಿತವಳು

ಇನ್ನೊಬ್ಬರ ಕಂಪ್ಯೂಟರಿನ ಪಕ್ಕ ಕುಳಿತಾಗಲೆಲ್ಲ ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆಯೇ ಕುಳಿತುಬಿಡುತ್ತಿದ್ದಳು. ಎದ್ದಾಗ ಬೆರಳುಗಳ ಮೇಲೆ ನಮ್ಮ ಬೆತ್ತದ ಕುರ್ಚಿಯ ಹೆಣಿಗೆ ಮೂಡಿರುತ್ತಿತ್ತು. ಚೆನ್ನೈನ ಕೀಲ್ಪಾಕಿನಲ್ಲಿ ನಮ್ಮ ಮೇಲಿನ ಮನೆಯ ಹುಡುಗಿ ಅವಳು. ಎಪ್ಪತ್ತು ದಾಟಿದ ನನಗೆ ಕಂಪ್ಯೂಟರ್ ಕಲಿಸಿದ್ದು ಹಾಗೆಯೇ. ನನ್ನ ಬೆರಳು ಅಕ್ಷರ ಹುಡುಕುತ್ತ ಎಷ್ಟು ಅಲೆದರೂ ಅವಳ ಕೈ ಹೊರಬರುತ್ತಿರಲಿಲ್ಲ. “ನಾನು ಒತ್ತಿದ್ರೆ ನಾನು ಕಲ್ತ ಹಾಗಾಗತ್ತೆ ತಾತಾ, ನೀವಲ್ಲ,” ಎನ್ನುತ್ತಿದ್ದಳು. ರೈಲ್ವೆಯ ಗೋದಾಮಿನಲ್ಲಿ ದುಡಿಯುತ್ತಲೇ ಎಲ್ಲವನ್ನೂ ಸ್ವಂತವಾಗಿ ಓದಿಕೊಂಡವನೆಂಬ ಬಿಗುಮಾನ ನನ್ನದು. ಗುರುವೆಂದು ಒಪ್ಪಿಕೊಂಡದ್ದು ಅವಳೊಬ್ಬಳನ್ನೇ.

ಶುಲ್ಕವಿಲ್ಲದೆ ಪ್ರೋಗ್ರಾಮಿಂಗ್ ಕಲಿಯುವ ಶಾಲೆಯೊಂದಕ್ಕೆ ಅವಳು ಒಂದು ತಿಂಗಳ ಪರೀಕ್ಷಾವಧಿಗೆ ಸೇರಿದ್ದಳು. ಕೊನೆಯಲ್ಲಿ ಆಯ್ಕೆಯಾದರೆ ಓದು; ಇಲ್ಲವಾದರೆ ಪ್ಯಾರೀಸ್ ಕಾರ್ನರಿನ ಸೋದರಮಾವನ ಪೈಪಿನ ಅಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ.

ಮನೆಯವರನ್ನು ಕರೆದ ದಿನ ನಾನೂ ಹೋದೆ. ಇಲ್ಲಿ ಶಿಕ್ಷಕರೇ ಇಲ್ಲ, ಒಬ್ಬರಿಂದೊಬ್ಬರು ಕಲಿಯುತ್ತಾರೆ ಎಂದು ಮೇಲ್ವಿಚಾರಕರು ತಮಿಳಿನಲ್ಲಿ ವಿವರಿಸಿದರು. ಕಣ್ಣಾರೆ ಕಾಣದೆ ನಂಬುವ ಅಭ್ಯಾಸ ನನಗಿಲ್ಲ. ಅವರನ್ನು ಬಿಟ್ಟು ಅವಳ ಸಾಲಿನ ಹಿಂದೆ ಹೋಗಿ ನಿಂತೆ.

ಕಂಡದ್ದು ಬೇರೆ. ಒಬ್ಬ ಯುವಕನ ಪಕ್ಕ ಅವಳು ಕೈಗಳ ಮೇಲೆ ಕುಳಿತಿದ್ದಳು. ಇನ್ನಿಬ್ಬರು ಹಿಂದೆ ಕಾಯುತ್ತಿದ್ದರು.

“ನೀಂಗಳೇ ಅಡಿಚ್ಚಿಡುಂಗಕ್ಕಾ,” ನೀವೇ ಟೈಪ್ ಮಾಡಿಬಿಡಿ ಎಂದು ಅವನು ಗೋಗರೆಯುತ್ತಿದ್ದ.

“ಎನ್ನ ಆಗಣುಂ? ಎನ್ನ ಆಚ್ಚು?” ಏನಾಗಬೇಕಿತ್ತು, ಏನಾಯಿತು ಎಂದಳು ಅವಳು. ನನ್ನನ್ನು ಕೇಳುತ್ತಿದ್ದುದೂ ಇವೇ ಎರಡು ಪ್ರಶ್ನೆಗಳನ್ನು.

ಅವಳ ಸ್ವಂತ ಪರದೆಯಲ್ಲಿ ಮಾತ್ರ ಬೆಳಿಗ್ಗೆ ಬರೆದ ಕೆಲವು ಸಾಲುಗಳು ಹಾಗೆಯೇ ನಿಂತಿದ್ದವು.

“ನಿಂದು ಯಾವಾಗಮ್ಮ?” ಎಂದೆ.

“ಇವನ ಪ್ರೋಗ್ರಾಮ್ ಓಡಲಿ ತಾತಾ. ಆಮೇಲೆ.”

“ಆಮೇಲೆ ಅಂದ್ರೆ ಪೈಪಂಗಡೀಲಾ?”

ನಕ್ಕಳು. “ಶಾಪ ಹಾಕ್ಬೇಡಿ. ಪಕ್ಕದೋರಿಗೆ ಹೇಳಿಕೊಡೋದೇ ಇಲ್ಲಿ ರೂಲು.”

ಆ ರೂಲನ್ನು ಅಕ್ಷರಶಃ ನಂಬಿದವಳು ಅವಳೊಬ್ಬಳೇ. ಕೊನೆಯ ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯಬೇಕಿತ್ತು, ತಿದ್ದುವುದು ಯಂತ್ರ. ಅದು ನೋಡಿದ್ದು ಅವರವರು ಮುಗಿಸಿದ ಕೆಲಸವನ್ನು, ಯಾರು ಯಾರ ಪಕ್ಕ ಕುಳಿತಿದ್ದರೆಂಬುದನ್ನಲ್ಲ. ಅಂದು ಹಿಂದೆ ಕಾಯುತ್ತಿದ್ದ ಇಬ್ಬರೂ ಆಯ್ಕೆಯಾದರು. ಅವಳಾಗಲಿಲ್ಲ. ನಾನು ಹೋಗಿ ಮೇಲ್ವಿಚಾರಕರೊಡನೆ ವಾದಿಸಿದೆ. ನಿಯಮ ಎಲ್ಲರಿಗೂ ಒಂದೇ ಎಂದರು.

ಅವಳೀಗ ಪೈಪಿನ ಅಂಗಡಿಯಲ್ಲಿದ್ದಾಳೆ. ಈ ಬರಹವನ್ನು ನಾನೇ ಟೈಪ್ ಮಾಡುತ್ತಿದ್ದೇನೆ. ತಪ್ಪಿದಾಗಲೆಲ್ಲ ಅವಳ ಆ ಎರಡು ಪ್ರಶ್ನೆಗಳನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ. ತಮ್ಮಲ್ಲಿ ಶಿಕ್ಷಕರಿಲ್ಲವೆಂದು ಆ ಶಾಲೆಯವರು ಬಂದವರಿಗೆಲ್ಲ ಈಗಲೂ ಹೇಳುತ್ತಾರಂತೆ. ನಾನು ಹೋದ ದಿನ ಅದು ಸುಳ್ಳಾಗಿತ್ತು. ಈಗ ನಿಜ.